ಚಳಿಗಾಲದ ಆಟ ಶಾಲೆಗೆ ಬಂತು, ಅದರ ಮಾತು ಎಲ್ಲಿ?

ಬೆಳೆಗೆ ಮುಂಗಾರು, ಹಿಂಗಾರು ಅಂತ ಹಂಗಾಮು ಇರುವ ಹಾಗೆ ನಮ್ಮ ಕಡೆ ಮಕ್ಕಳ ಆಟಕ್ಕೂ ಒಂದು ಹಂಗಾಮು ಇದೆ. ದೀಪಾವಳಿ ಮುಗಿದ ಮೇಲೆ ಶುರುವಾದರೆ ಶಿವರಾತ್ರಿವರೆಗೆ ನಡೆಯುತ್ತದೆ. ಕಲಬುರಗಿ, ಯಾದಗಿರಿಯ ಎರಿ (ಕಪ್ಪು ಮಣ್ಣಿನ) ಹೊಲವನ್ನು ಮಳೆಗಾಲದಲ್ಲಿ ತುಳಿದವರಿಗೆ ಕಾರಣ ಗೊತ್ತು. ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಮಣ್ಣು ಮೆತ್ತಿಕೊಂಡು ಕಾಲು ಎತ್ತಲು ಆಗುವುದಿಲ್ಲ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹಗಲು ಹೊತ್ತು ಮಕ್ಕಳನ್ನು ಯಾರೂ ಹೊರಗೆ ಬಿಡುವುದಿಲ್ಲ. ನೆಲ ಗಟ್ಟಿಯಾಗಿ, ಬಿಸಿಲು ಹಿತವಾಗುವುದು ಚಳಿಗಾಲದಲ್ಲೇ. ಬೀದರ್‌ನಲ್ಲಂತೂ ಡಿಸೆಂಬರ್ ಬೆಳಗಿನ ಚಳಿ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಅಲ್ಲಿನ ಮಕ್ಕಳಿಗೆ ಮೈ ಬೆಚ್ಚಗಾಗಲಿಕ್ಕಾದರೂ ಓಡಬೇಕು.

ಚಿಣಿ (ಗಿಲ್ಲಿ ದಾಂಡು), ಬಗರಿ (ಬುಗುರಿ), ಗೋಟಿ (ಗೋಲಿ), ಲಗೋರಿ, ಕುಂಟಲಿಪಿ (ಕುಂಟೆಬಿಲ್ಲೆ), ಗಿಡಮಂಗ್ಯಾ (ಮರಕೋತಿ), ಪತಂಗ (ಗಾಳಿಪಟ). ಈ ನಾಲ್ಕು ತಿಂಗಳಲ್ಲಿ ಇವೆಲ್ಲ ಒಂದರ ಹಿಂದೆ ಒಂದು ಬರುತ್ತವೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ನೈವೇದ್ಯದ ಚರಗ ಚೆಲ್ಲಿ, ಭಜ್ಜಿ, ಕಡುಬು ಉಂಡ ಮೇಲೆ ದೊಡ್ಡವರು ಗಿಡದ ನೆರಳಿಗೆ ಅಡ್ಡಾಗುತ್ತಾರೆ. ಮಕ್ಕಳು ಜೋಕಾಲಿ ಕಟ್ಟುತ್ತಾರೆ, ಪತಂಗ ಬಿಡುತ್ತಾರೆ. ಸಂಕ್ರಾಂತಿ ಹೊತ್ತಿಗೆ ಊರಿನ ಮಾಳಿಗೆಗಳ ಮೇಲೆ ಜಾಗ ಇರುವುದಿಲ್ಲ.

ಈಗ ಈ ಆಟಗಳಿಗೆ ಸರ್ಕಾರದ ಕಡೆಯಿಂದಲೂ ಬಲ ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಚಿಕ್ಕ ಮಕ್ಕಳ ಕಲಿಕೆಯಲ್ಲಿ ಆಟಕ್ಕೂ ಮನೆಮಾತಿಗೂ ಜಾಗ ಕೊಡಬೇಕು ಅಂದಿತು. 2022ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ 75 ದೇಸಿ ಆಟಗಳನ್ನು ಶಾಲೆಗೆ ತರುವ ಯೋಜನೆ ಮಾಡಿತು. ಗಿಲ್ಲಿ ದಾಂಡು, ಕಬಡ್ಡಿ, ಕುಂಟುತ್ತಾ ಓಡುವ ಲಂಗಡಿ ಇಂಥವು ಆ ಪಟ್ಟಿಯಲ್ಲಿವೆ. ಇದು ಒಳ್ಳೆಯ ಕೆಲಸ, ನನಗೆ ನಿಜಕ್ಕೂ ಖುಷಿ ಇದೆ. ಮಣ್ಣಲ್ಲಿ ಆಡುವುದು ಕೆಟ್ಟ ಹುಡುಗರ ಕೆಲಸ ಅನ್ನುತ್ತಿದ್ದ ಶಾಲೆಯೇ ಈಗ ಚಿಣಿ ಆಡಿ ಅನ್ನುತ್ತಿದೆ ಅಂದರೆ ಸಣ್ಣ ಮಾತಲ್ಲ.

ಆದರೆ ಇಡೀ ದೇಶಕ್ಕೆ ಒಂದು ಪಟ್ಟಿ ಅಂದಾಗ ಆಟಕ್ಕೆ ಒಂದೇ ಹೆಸರು, ಒಂದೇ ನಿಯಮ ಬರುತ್ತದೆ. ಕಾಗದದ ಮೇಲೆ ಅದು ಅನಿವಾರ್ಯ. ಬಯಲಿಗೆ ಬಂದಾಗ ಏನಾಗುತ್ತದೆ ಅನ್ನುವುದೇ ಈ ಲೇಖನದ ವಿಷಯ. ಆಟದ ಹೆಸರು ಬದಲಾದರೆ ನಷ್ಟ ಕಡಿಮೆ. ಆಟದ ಒಳಗಿನ ಸಣ್ಣ ಸಣ್ಣ ಮಾತುಗಳಿವೆಯಲ್ಲ, ಎಣಿಸುವ ಮಾತು, ಸರದಿಯ ಮಾತು, ಜಗಳದ ಮಾತು, ರಾಜಿಯ ಮಾತು, ಅವು ಹೋದರೆ ಆಟದ ನಿಯಮಗಳೇ ಹೋಗುತ್ತವೆ. ಯಾಕೆಂದರೆ ಊರಿನಲ್ಲಿ ಆಡುವ ಈ ಆಟಗಳ ನಿಯಮವನ್ನು ಸಾಮಾನ್ಯವಾಗಿ ಯಾರೂ ಬರೆದಿಟ್ಟಿಲ್ಲ. ಅವು ಇರುವುದು ಆ ಮಾತುಗಳಲ್ಲೇ.

ಎಣಿಕೆಯಲ್ಲಿ ಅಡಗಿದ ನಿಯಮ

ಚಿಣಿ ಆಟವನ್ನೇ ತೆಗೆದುಕೊಳ್ಳಿ. ಬೆಂಗಳೂರು ಕಡೆ ಚಿನ್ನಿ ದಾಂಡು ಅನ್ನುತ್ತಾರೆ, ಪುಸ್ತಕದಲ್ಲಿ ಗಿಲ್ಲಿ ದಾಂಡು ಅಂತ ಬರುತ್ತದೆ. ಮರಾಠಿಯಲ್ಲಿ ವಿಟಿ ದಾಂಡು. ಮೊಳದುದ್ದದ ಕೋಲು, ಎರಡೂ ತುದಿ ಚೂಪು ಮಾಡಿದ ಬೆರಳುದ್ದದ ಕಟ್ಟಿಗೆ ತುಂಡು, ನೆಲದಲ್ಲಿ ಒಂದು ಕುಣಿ. ಇಷ್ಟಿದ್ದರೆ ಆಟ ಶುರು.

ಚಿಣಿ ಹೊಡೆದ ಮೇಲೆ ಅದು ಬಿದ್ದ ಜಾಗದಿಂದ ಕುಣಿಯವರೆಗೆ ದಾಂಡಿನಿಂದ ಅಳೆಯಬೇಕು. ಅಳೆಯುವಾಗ ಒಂದು, ಎರಡು, ಮೂರು ಅನ್ನುವುದಿಲ್ಲ. ಮರಾಠಿ ಮಕ್ಕಳು ವಕಟ, ಲೇಂಡ, ಮೂಂಡ, ನಾಲ ಅಂತ ಎಣಿಸುತ್ತಾರೆ. ಮುಂದಿನ ಪದಗಳು ಊರಿನಿಂದ ಊರಿಗೆ ಸ್ವಲ್ಪ ಬದಲಾಗುತ್ತವೆ, ಕೊನೆಯದು ಝಕ್ಕೂ. ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್, ಬಸವಕಲ್ಯಾಣದ ಹಳ್ಳಿಗಳಲ್ಲಿ ಕನ್ನಡ, ಮರಾಠಿ ಎರಡೂ ಮನೆಮಾತು. ಅಲ್ಲಿನ ಹಿರಿಯರನ್ನು ಕೂರಿಸಿ ಕೇಳಿದರೆ ಈ ಎಣಿಕೆ ಇವತ್ತಿಗೂ ಹೊರಬರುತ್ತದೆ.

ಈಗ ಆ ನಾಲ್ಕು ಪದಗಳನ್ನು ಬಾಯಿಬಿಟ್ಟು ಓದಿ ನೋಡಿ. ವಕಟ ಅಂದರೆ ತೆಲುಗಿನ ಒಕಟಿ. ಲೇಂಡ ಅಂದರೆ ರೆಂಡು. ಮೂಂಡ ಅಂದರೆ ಮೂಡು. ನಾಲ ಅಂದರೆ ನಾಲುಗು. ಅಂಗಡಿಯಲ್ಲಿ ಏಕ್, ದೋನ್, ತೀನ್ ಅಂತ ದುಡ್ಡು ಎಣಿಸುವ ಮರಾಠಿ ಮಗು ಆಟದಲ್ಲಿ ಮಾತ್ರ ತೆಲುಗಿನಲ್ಲಿ ಎಣಿಸುತ್ತದೆ! ಅದು ತೆಲುಗು ಅಂತ ಅದಕ್ಕೆ ಗೊತ್ತೂ ಇಲ್ಲ. ಯಾವ ಕಾಲದಲ್ಲಿ ಯಾವ ಮಕ್ಕಳು ಯಾರ ಜೊತೆ ಆಡಿದ್ದರೋ, ಆ ಜೊತೆಯ ಗುರುತು ಈ ಎಣಿಕೆಯಲ್ಲಿ ಉಳಿದುಬಿಟ್ಟಿದೆ. ರಾಜರು ಹೋದರು, ರಾಜ್ಯ ಬದಲಾಯಿತು, ಎಣಿಕೆ ಹಾಗೇ ಇದೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಹಲವು ಊರುಗಳಲ್ಲಿ ಈ ಎಣಿಕೆ ಸುಮ್ನೆ ಅಂಕ ಹೇಳುವುದಿಲ್ಲ. ಅಳತೆ ಯಾವ ಪದಕ್ಕೆ ಬಂದು ನಿಲ್ಲುತ್ತದೋ, ಮುಂದಿನ ಹೊಡೆತ ಹಾಗೆ ಹೊಡೆಯಬೇಕು. ಒಂದಕ್ಕೆ ಬಂದರೆ ಚಿಣಿಯನ್ನು ಪಾದದ ಮೇಲಿಟ್ಟು ಚಿಮ್ಮಿಸಿ ಹೊಡೆಯಬೇಕು. ಇನ್ನೊಂದಕ್ಕೆ ಬಂದರೆ ಮುಷ್ಟಿಯ ಮೇಲಿಟ್ಟು, ಮತ್ತೊಂದಕ್ಕೆ ಮೊಣಕೈ ಮೇಲಿಟ್ಟು. ಪ್ರತಿ ಪದಕ್ಕೂ ಒಂದೊಂದು ಭಂಗಿ. ಪದ ಹೇಳಿದ ಕೂಡಲೇ ಹೊಡೆಯುವವನು ಹೇಗೆ ನಿಲ್ಲಬೇಕು, ಎದುರಿಗಿದ್ದವರು ಎಷ್ಟು ಹತ್ತಿರ ಬರಬೇಕು ಎಲ್ಲವೂ ಗೊತ್ತಾಗುತ್ತದೆ.

ಈಗ ಶಾಲೆಯ ಬಯಲಿನಲ್ಲಿ ಇದೇ ಆಟವನ್ನು ಒಂದು, ಎರಡು, ಮೂರು ಅಂತ ಎಣಿಸಿ ಆಡಿಸಿದರೆ ಏನಾಗುತ್ತದೆ? ಯಾರು ದೂರ ಹೊಡೆದರೋ ಅವರು ಗೆದ್ದರು. ಬರೀ ತೋಳಿನ ಬಲದ ಆಟ. ಮುಷ್ಟಿಯ ಮೇಲೆ ಚಿಣಿ ನಿಲ್ಲಿಸಿ ಹೊಡೆಯುವ ಕಸರತ್ತು, ಅದಕ್ಕೆ ಬೇಕಾದ ಕೈಹದ, ಸಣ್ಣ ಹುಡುಗ ದೊಡ್ಡವನನ್ನು ಸೋಲಿಸುವ ಅವಕಾಶ, ಎಲ್ಲ ಹೋಯಿತು. ಆಟದ ಹೆಸರು ಪಟ್ಟಿಯಲ್ಲಿ ಉಳಿಯಿತು, ಅಷ್ಟೇ.

ಗಡಿ ದಾಟುವ ಮಾತು

ಕಲಬುರಗಿ, ಯಾದಗಿರಿ, ಬೀದರ್ ಈ ಮೂರು ಜಿಲ್ಲೆಗಳಲ್ಲಿ ಯಾಕೆ ಇಷ್ಟು ಬಗೆಯ ಮಾತು ಸೇರಿಕೊಂಡಿವೆ ಅನ್ನುವುದಕ್ಕೆ ಇತಿಹಾಸ ಕಾರಣ. 1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮರ ಹೈದರಾಬಾದ್ ಸಂಸ್ಥಾನ. ತೆಲುಗು, ಮರಾಠಿ, ಕನ್ನಡ ಮೂರೂ ಸೀಮೆ ಒಂದೇ ಆಡಳಿತದಲ್ಲಿ, ಮೇಲೆ ಉರ್ದು. 1956ರ ನವೆಂಬರ್ 1ರಂದು ರಾಜ್ಯ ಹಂಚಿಕೆಯಾಯಿತು. ಕನ್ನಡದ ಜಿಲ್ಲೆಗಳು ಮೈಸೂರಿಗೆ, ಮರಾಠವಾಡ ಮುಂಬೈಗೆ, ತೆಲಂಗಾಣ ಆಂಧ್ರಕ್ಕೆ. ಯಾದಗಿರಿ ಜಿಲ್ಲೆ ಬೇರೆಯಾಗಿದ್ದು ತೀರಾ ಈಚೆಗೆ, 2009ರ ಕೊನೆಯಲ್ಲಿ. ಗೆರೆ ಎಳೆದವರು ದೊಡ್ಡವರು. ಮಕ್ಕಳ ಆಟದ ಮಾತಿಗೆ ಆ ಗೆರೆ ತಿಳಿಯಲಿಲ್ಲ.

ಹಾಗಾಗಿ ಜಿಲ್ಲೆಯ ಒಳಗೇ ಮಾತು ಬದಲಾಗುತ್ತದೆ. ಆಳಂದ, ಅಫಜಲಪುರದ ಕಡೆ ಹೋದರೆ ಸೊಲ್ಲಾಪುರದ ಗಾಳಿ. ಸೇಡಂ, ಚಿಂಚೋಳಿ, ಗುರುಮಠಕಲ್ ಕಡೆ ತೆಲಂಗಾಣದ ಗಾಳಿ. ಸುರಪುರ, ಶಹಾಪುರದವರ ಮಾತು ಕೃಷ್ಣೆಯ ಆಚೀಚಿನ ರಾಯಚೂರು, ವಿಜಯಪುರಕ್ಕೆ ಹತ್ತಿರ. ಬಗರಿ ಅನ್ನುವುದು ಮರಾಠಿಯಲ್ಲಿ ಭೋವರಾ, ತೆಲುಗಿನಲ್ಲಿ ಬೊಂಗರಂ, ಉರ್ದುವಿನಲ್ಲಿ ಲಟ್ಟು. ಮರ ಹತ್ತಿ ಆಡುವ ಗಿಡಮಂಗ್ಯಾ ಮರಾಠಿಯಲ್ಲಿ ಸೂರಪಾರಂಬ್ಯಾ, ತೆಲುಗಿನಲ್ಲಿ ಕೋತಿ ಕೊಮ್ಮಚ್ಚಿ. ನೆಲದ ಮೇಲೆ ಮನೆ ಬರೆದು ಕವಡೆ ಹಾಕುವ ಚೌಕಾಬಾರ ತೆಲುಗರ ಮನೆಯಲ್ಲಿ ಅಷ್ಟಾ ಚಮ್ಮಾ. ಚೌಕ ಅಂದರೆ ನಾಲ್ಕು ಕವಡೆ ಅಂಗಾತ ಬೀಳುವುದು. ಅದನ್ನೇ ಅವರು ಚಮ್ಮಾ ಅನ್ನುತ್ತಾರೆ, ಎಂಟಕ್ಕೆ ಅಷ್ಟಾ. ಲಗೋರಿಗೆ ತೆಲುಗಿನಲ್ಲಿ ಏಡು ಪೆಂಕುಲಾಟ, ಅಂದರೆ ಏಳು ಹೆಂಚಿನ ಆಟ. ನಮ್ಮಲ್ಲಿ ಹೆಂಚಿಗಿಂತ ಶಹಾಬಾದ್ ಫರ್ಶಿಯ ತುಂಡು ಸುಲಭವಾಗಿ ಸಿಗುತ್ತದೆ. ಚಪ್ಪಟೆಯಾಗಿ ಒಡೆಯುವ ಕಲ್ಲು, ಒಂದರ ಮೇಲೊಂದು ಇಟ್ಟರೆ ಅಲುಗಾಡದೆ ನಿಲ್ಲುತ್ತದೆ. ಕುಂಟಲಿಪಿ ಆಡಲಿಕ್ಕೂ ಅದೇ.

ಮಾತು ಒಂದೇ ಕಡೆಯಿಂದ ಬಂದಿಲ್ಲ, ಇಲ್ಲಿಂದಲೂ ಹೋಗಿದೆ. ನಮ್ಮ ಎಳ್ಳಮಾವಾಸ್ಯೆಯನ್ನು ಲಾತೂರು ಜಿಲ್ಲೆಯ ಮರಾಠಿಗರು ಅದೇ ದಿನ, ಅದೇ ಭಜ್ಜಿ ಅಂಬಲಿ ಮಾಡಿ ಹೊಲದಲ್ಲಿ ಆಚರಿಸುತ್ತಾರೆ. ಅವರ ಬಾಯಲ್ಲಿ ಅದು ವೇಳ ಅಮಾವಾಸ್ಯಾ, ಆಡುಮಾತಿನಲ್ಲಿ ಯೇಳವಸ. ಕನ್ನಡದ ಹೆಸರೇ ಅಲ್ಲಿ ಹಾಗೆ ಉಳಿದಿದೆ. ಪ್ರತಿಯಾಗಿ ಮರಾಠಿಯ ಡಾವ್ ನಮ್ಮ ಮಕ್ಕಳ ಬಾಯಿಗೆ ಬಂದಿದೆ. ಸರದಿ, ಆಟದ ಪಾಳಿ ಅನ್ನುವ ಅರ್ಥ. ನಿನ್ನ ಡಾವ್ ಮುಗಿಯಿತು, ನನ್ನ ಡಾವ್ ಕೊಡು. ಮಾತಾಡದೆ ಇರುವುದಕ್ಕೆ ಕಟ್ಟಿ, ರಾಜಿಯಾದರೆ ಬಟ್ಟಿ. ಇವನ್ನು ಕನ್ನಡದ್ದೋ ಮರಾಠಿಯದ್ದೋ ಅಂತ ಜರಡಿ ಹಿಡಿದು ಕೂತರೆ ಕೈಗೆ ಏನೂ ಉಳಿಯುವುದಿಲ್ಲ. ಆಡುವ ಮಗುವಿಗೆ ಅವು ತನ್ನ ಮಾತು, ಅಷ್ಟು ಸಾಕಲ್ವಾ.

ಪತಂಗದ ಮಾತಂತೂ ಬಹುಪಾಲು ಉರ್ದು, ದಖ್ಖನಿ. ಪತಂಗ, ಮಾಂಜಾ, ಪೇಚ್, ಢೀಲ್. ಕಲಬುರಗಿಯ ಮಾಳಿಗೆಯ ಮೇಲೆ ನಿಂತು "ಢೀಲ್ ಕೊಡಲೇ, ಢೀಲ್ ಕೊಡು" ಅಂತ ಕೂಗುವ ಹುಡುಗನ ಮನೆಮಾತು ಕನ್ನಡವೇ ಇರಬಹುದು, ಉರ್ದುವೇ ಇರಬಹುದು, ಲಂಬಾಣಿಯೇ ಇರಬಹುದು. ದಾರ ಸಡಿಲ ಬಿಡು ಅನ್ನುವುದಕ್ಕೆ ಆ ಹೊತ್ತಿನಲ್ಲಿ ಎಲ್ಲರಿಗೂ ಅದೊಂದೇ ಪದ. ಇಲ್ಲಿ ಒಂದು ಮಾತು ಹೇಳಲೇಬೇಕು. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲಿ ದೇಶದಾದ್ಯಂತ ನಿಷೇಧಿಸಿದೆ. ಹಕ್ಕಿಗಳ ರೆಕ್ಕೆ, ಬೈಕಿನಲ್ಲಿ ಹೋಗುವವರ ಕುತ್ತಿಗೆ ಕೊಯ್ಯುವ ದಾರ ಅದು. ಆಟದ ಮಾತು ಉಳಿಯಲಿ ಅನ್ನುವವರು ಆ ದಾರ ಹೋಗಲಿ ಅಂತಲೂ ಹೇಳಬೇಕು. ಬರೀ ಹತ್ತಿ ನೂಲಿನಲ್ಲೂ ಢೀಲ್ ಕೊಡಬಹುದು.

ಹುಡುಗಿಯರ ಆಟದ ಮಾತನ್ನು ಕೇಳಿ ಬರೆದಿಟ್ಟವರು ಇನ್ನೂ ಕಡಿಮೆ. ಗಜಗದ ಆಟ ಇದೆ. ಗಜಗ ಅಂದರೆ ಮುಳ್ಳುಬಳ್ಳಿಯ ಬೂದು ಬಣ್ಣದ ಬೀಜ, ಕಲ್ಲಿನಷ್ಟು ಗಟ್ಟಿ, ಕೈಗೆ ನುಣುಪು. ಒಂದನ್ನು ಮೇಲೆ ಹಾರಿಸಿ, ಅದು ಕೆಳಗೆ ಬರುವುದರೊಳಗೆ ನೆಲದ ಮೇಲಿನದನ್ನು ಬಾಚಿ, ಮೇಲಿನದನ್ನೂ ಹಿಡಿಯಬೇಕು. ಮರಾಠಿಯಲ್ಲಿ ಸಾಗರಗೋಟೆ ಅನ್ನುವುದು ಇದೇ ಬೀಜಕ್ಕೆ. ಬೀಜ ಸಿಗದಿದ್ದರೆ ಐದು ಕಲ್ಲು. ಮೊದಲು ಒಂದೊಂದು ಬಾಚುವುದು, ಆಮೇಲೆ ಎರಡೆರಡು, ಆಮೇಲೆ ಮೂರು, ಕೊನೆಗೆ ಎಲ್ಲ ಒಟ್ಟಿಗೆ. ಪ್ರತಿ ಹಂತಕ್ಕೂ ಒಂದು ಹೆಸರು, ಕೆಲವು ಕಡೆ ಒಂದು ಸಾಲು ಹಾಡು. ಕಟ್ಟೆಯ ಮೇಲೆ, ಪಡಸಾಲೆಯಲ್ಲಿ ಕೂತು ಆಡುವ ಆಟ ಆದ್ದರಿಂದ ಹೊರಗಿನವರ ಕಿವಿಗೆ ಬೀಳಲೇ ಇಲ್ಲ. ಇಬ್ಬರು ಕೈ ಹಿಡಿದು ಗಿರಗಿರ ಸುತ್ತುವ ಫುಗಡಿಯೂ ಹಾಗೆಯೇ. ದೇಸಿ ಆಟ ಅಂದ ಕೂಡಲೇ ಚಿಣಿ, ಬಗರಿ, ಕಬಡ್ಡಿ ಅಂತ ಗಂಡುಹುಡುಗರ ಆಟಗಳ ಪಟ್ಟಿಯೇ ಮುಂದೆ ಬರುತ್ತದೆ. ಅವ್ವ, ಆಯಿಯರನ್ನು ಕೇಳಿದರೆ ಅದರ ದುಪ್ಪಟ್ಟು ಮಾತು ಸಿಗುತ್ತವೆ.

ಮಾತು ಮರೆತ ಮೇಲೆ ಆಟ

ಕಳೆದ ಜನವರಿಯಲ್ಲಿ ಸೇಡಂ ಕಡೆಯ ಒಂದು ಹಳ್ಳಿಯಲ್ಲಿ ತೊಗರಿ ರಾಶಿ ಮುಗಿದಿತ್ತು. ಕಣದ ಪಕ್ಕದ ಖಾಲಿ ಜಾಗದಲ್ಲಿ ಆರೇಳು ಹುಡುಗರು ಚಿಣಿ ಆಡುತ್ತಿದ್ದರು. ಒಬ್ಬ ಹೊಡೆದ ಚಿಣಿ ಹೋಗಿ ಕಲ್ಲಿಗೆ ಬಡಿದು ವಾಪಸ್ ಚಿಮ್ಮಿತು. ಕುಣಿಗೆ ತೀರಾ ಹತ್ತಿರ ಬಂದು ಬಿತ್ತು. ಶುರುವಾಯಿತು ಜಗಳ.

"ಏ, ಕಲ್ಲಿಗಿ ಬಡದದಲೇ ಅದು. ಮತ್ತ ಹೊಡೀತೀನಿ."

"ಯಾಕ ಹೊಡೀತಿ? ನಿನ್ನ ಡಾವ್ ಮುಗೀತು, ದಾಂಡು ಕೊಡು."

"ಮದಲೇ ಹೇಳಬೇಕಿಲ್ಲ?"

ಮಾತಿಗೆ ಮಾತು ಬೆಳೆಯಿತು. ಯಾರೂ ಸೋಲಲು ತಯಾರಿಲ್ಲ. ಕೊನೆಗೆ ಕಟ್ಟೆಯ ಮೇಲೆ ಕೂತಿದ್ದ ಹಿರಿಯರ ಹತ್ತಿರ ಹೋದರು. "ಮುತ್ಯಾ, ನೀನೇ ಹೇಳು." ಮುತ್ಯಾ ನಕ್ಕರು. "ಕಲ್ಲಿಗಿ ಬಡದ್ರ ಮತ್ತ ಹೊಡೀಬಹುದಿತ್ತು ತಮ್ಮಾ. ಆದ್ರ ಹೊಡಿಯೂಕಿಂತ ಮದಲು ಒಂದು ಮಾತು ಒದರಬೇಕು. ಯಾರು ಮದಲು ಒದರ್ತಾರ, ಅವರ್ದು ನಡೀತದ. ಆ ಮಾತು ಈಗ ಬಾಯಿಗಿ ಬರವಲ್ದು ನೋಡು."

ಹುಡುಗರಿಗೆ ಇದರಿಂದ ಏನೂ ಉಪಯೋಗ ಆಗಲಿಲ್ಲ. ಜಗಳ ಮುಂದುವರಿದು, ಸ್ವಲ್ಪ ಹೊತ್ತಿಗೆ ಚಿಣಿ ಬಿಟ್ಟು ಕ್ರಿಕೆಟ್ ಶುರುವಾಯಿತು. ಕ್ರಿಕೆಟ್‌ನಲ್ಲಿ ಯಾವುದು ಔಟ್, ಯಾವುದು ವೈಡ್ ಅಂತ ಎಲ್ಲರಿಗೂ ಗೊತ್ತು. ಜಗಳ ಬಂದರೂ ಅದನ್ನು ಬಗೆಹರಿಸುವ ಪದ ಬಾಯಲ್ಲಿದೆ. ದೇಸಿ ಆಟ ಕ್ರಿಕೆಟ್ ಮುಂದೆ ಸೋಲುವುದಕ್ಕೆ ಟಿವಿ, ದುಡ್ಡು ಅಂತ ದೊಡ್ಡ ಕಾರಣ ಹೇಳುತ್ತೇವೆ. ಅವು ನಿಜವೇ. ಆದರೆ ಆ ಕಣದ ಪಕ್ಕ ನಾನು ಕಂಡ ಕಾರಣ ಇನ್ನೂ ಸರಳ. ಜಗಳ ಮುಗಿಸುವ ಪದ ಇರಲಿಲ್ಲ. ಅದಿಲ್ಲದೆ ಆಟ ಮುಂದೆ ಹೋಗಲಿಲ್ಲ.

ಇಂಥ ಪದ ಎಷ್ಟು ಬೇಗ ಕಳೆದುಹೋಗುತ್ತದೆ ಅನ್ನುವುದನ್ನು ನಾವು ಸರಿಯಾಗಿ ಅಂದಾಜು ಮಾಡಿಲ್ಲ. ಅಡುಗೆಯ ಮಾತು, ಬೇಸಾಯದ ಮಾತು ತಂದೆ ತಾಯಿಯಿಂದ ಮಕ್ಕಳಿಗೆ ಬರುತ್ತವೆ. ಒಂದು ತಲೆಮಾರು ಅಂದರೆ 25, 30 ವರ್ಷ. ಆಟದ ಮಾತನ್ನು ತಂದೆ ತಾಯಿ ಕಲಿಸುವುದಿಲ್ಲ. ಹನ್ನೊಂದರ ಹುಡುಗನಿಂದ ಏಳರ ಹುಡುಗ ಕಲಿಯುತ್ತಾನೆ. ಹದಿಮೂರಕ್ಕೆ ಬಂದವನು ಚಿಣಿ ಬಿಟ್ಟುಬಿಡುತ್ತಾನೆ. ಅಂದರೆ ಆಟದ ಮಾತಿನ ತಲೆಮಾರು ಐದಾರು ವರ್ಷದ್ದು. ಸತತವಾಗಿ ಐದಾರು ಚಳಿಗಾಲ ಒಂದು ಊರಿನಲ್ಲಿ ಒಂದು ಆಟ ಆಡದಿದ್ದರೆ ಅದನ್ನು ಬಲ್ಲ ಮಕ್ಕಳೆಲ್ಲ ದೊಡ್ಡವರಾಗಿರುತ್ತಾರೆ. ದೊಡ್ಡವರ ತಲೆಯಲ್ಲಿ ಪದ ಇರುತ್ತದೆ, ಆದರೆ ಕಲಿಯಬೇಕಾದ ಮಗುವಿನ ಜೊತೆ ಅವರು ಆಡುವುದೇ ಇಲ್ಲ.

ಕೊರೊನಾ ಕಾಲದಲ್ಲಿ ಏನಾಯಿತು ನೋಡಿ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದನೇ ತರಗತಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ ಕೊನೆಯಲ್ಲಿ. ಹಳ್ಳಿಗಳಲ್ಲಿ ಆಗ ಆಟ ಜಾಸ್ತಿಯೇ ಆಯಿತು ಅನ್ನುವುದು ನಿಜ. ಪಟ್ಟಣಗಳಲ್ಲಿ ಮಾತ್ರ ಪಾಠದ ನೆಪದಲ್ಲಿ ಫೋನು ಕೈಗೆ ಬಂತು, ವಾಪಸ್ ಹೋಗಲಿಲ್ಲ. ಅದಕ್ಕಿಂತ ಹಳೆಯ ಕಾರಣ ಗುಳೆ. ಯಾದಗಿರಿ, ಕಲಬುರಗಿಯ ಹಳ್ಳಿ ಮತ್ತು ತಾಂಡಾಗಳಿಂದ ಸುಗ್ಗಿಯ ನಂತರ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್‌ಗೆ ದುಡಿಯಲು ಹೋಗುತ್ತವೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೂ ಹೋಗುತ್ತಾರೆ. ಚಿಕ್ಕ ಮಕ್ಕಳನ್ನು ಜೊತೆಗೆ ಕರೆದೊಯ್ಯುತ್ತಾರೆ. ಆಟದ ಹಂಗಾಮು, ಗುಳೆಯ ಹಂಗಾಮು ಎರಡೂ ಒಟ್ಟಿಗೆ ಬರುತ್ತವೆ. ಕಲಿಸಬೇಕಾದ ಹುಡುಗ ಊರಲ್ಲಿಲ್ಲ, ಇಲ್ಲವೇ ಕಲಿಯಬೇಕಾದವನು ಇಲ್ಲ. ಕಟ್ಟಡ ಕೆಲಸದ ಜಾಗದಲ್ಲಿ ನಾಲ್ಕು ರಾಜ್ಯದ ಮಕ್ಕಳು ಸೇರಿ ಹೊಸ ಮಾತು ಕಟ್ಟಿಕೊಳ್ಳುತ್ತಾರೆ, ಅದೂ ಒಂದು ಚಂದವೇ. ಊರಿನ ಮಾತಿನ ಸರಪಳಿ ಮಾತ್ರ ತುಂಡಾಗುತ್ತದೆ.

ಇನ್ನು ಹೊತ್ತಿನ ಪ್ರಶ್ನೆ. ಡಿಸೆಂಬರ್‌ನಲ್ಲಿ ನಮ್ಮ ಕಡೆ ಸಂಜೆ ಆರಕ್ಕೆ ಮೊದಲೇ ಹೊತ್ತು ಮುಳುಗುತ್ತದೆ. ಶಾಲೆ ಬಿಟ್ಟ ಮೇಲೆ ಉಳಿಯುವುದು ಹೆಚ್ಚೆಂದರೆ ಒಂದೂವರೆ ಗಂಟೆ. ಟ್ಯೂಷನ್ ಸೇರಿಸಿದರೆ ಅದೂ ಇಲ್ಲ. ಫಲಿತಾಂಶದ ಒತ್ತಡ ಈ ಜಿಲ್ಲೆಗಳ ಮೇಲೆ ಬಹಳ ಇದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ ರಾಜ್ಯದಲ್ಲೇ ಕೊನೆಗೆ ಬಂತು, 2025ರಲ್ಲಿ ಕಲಬುರಗಿ. ಹಾಗಾಗಿ ಸಂಜೆಯ ಹೆಚ್ಚುವರಿ ತರಗತಿ ಬೇಡ ಅನ್ನುವ ಧೈರ್ಯ ಯಾವ ಶಿಕ್ಷಕರಿಗೂ ಇಲ್ಲ. ಅವರನ್ನು ದೂರುವುದು ತಪ್ಪು. ಆದರೆ ಪ್ರಾಥಮಿಕ ಶಾಲೆಯ ಮಗುವಿನ ಚಳಿಗಾಲದ ಒಂದು ಗಂಟೆಯನ್ನು ಹತ್ತನೇ ತರಗತಿಯ ಲೆಕ್ಕಕ್ಕೆ ಬಲಿ ಕೊಡುವುದು ಸರಿಯಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ತಿದ್ದುವ ಕೆಂಪು ಪೆನ್ನು

ಮಗು ನೋಟ್‌ಬುಕ್‌ನಲ್ಲಿ ಬಗರಿ ಅಂತ ಬರೆದರೆ ಕೆಂಪು ಪೆನ್ನಿನಲ್ಲಿ ಬುಗುರಿ ಆಗುತ್ತದೆ. ಗಿಡಮಂಗ್ಯಾ ಅಂದರೆ ನಗು ಬರುತ್ತದೆ, ಮರಕೋತಿ ಅನ್ನು ಅಂತ ಹೇಳುತ್ತಾರೆ. ನಮ್ಮ ಕಡೆ ಮರಕ್ಕೆ ಗಿಡ ಅನ್ನುತ್ತೇವೆ, ಬೇವಿನ ಗಿಡ, ಹುಣಸಿ ಗಿಡ. ಕೋತಿಗೆ ಮಂಗ್ಯಾ. ಅಂದರೆ ಮರಕೋತಿ ಅನ್ನುವ ಪದದ ಎರಡು ತುಂಡೂ ಆ ಮಗುವಿನ ಮನೆಯಲ್ಲಿ ಇಲ್ಲ. ಅದನ್ನು ಕಲಿಯಬೇಕು, ನಿಜ. ರಾಜ್ಯದ ಎಲ್ಲರಿಗೂ ತಿಳಿಯುವ ಕನ್ನಡ ಒಂದು ಬೇಕೇ ಬೇಕು. ಆದರೆ ಕಲಿಸುವುದು ಬೇರೆ, ತಿದ್ದುವುದು ಬೇರೆ. ಮರಕೋತಿ ಕಲಿಸಿ, ಗಿಡಮಂಗ್ಯಾ ಪಕ್ಕದಲ್ಲೇ ಇರಲಿ. ಎರಡೂ ಬರೆದ ಮಗುವಿಗೆ ಪೂರ್ತಿ ಅಂಕ ಕೊಡಿ. ತನ್ನ ಮಾತು ತಪ್ಪು ಅಂತ ಒಮ್ಮೆ ಮನಸ್ಸಿಗೆ ಬಂದ ಮಗು ಮುಂದೆ ತರಗತಿಯಲ್ಲಿ ಬಾಯಿಯೇ ಬಿಡುವುದಿಲ್ಲ. ಈ ಜಿಲ್ಲೆಗಳ ಫಲಿತಾಂಶಕ್ಕೆ ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಶಿಕ್ಷಕರ ಖಾಲಿ ಹುದ್ದೆ, ಬಡತನ, ಗುಳೆ ಎಲ್ಲ ಇವೆ. ಬಾಯಿ ಬಿಡದ ಮಗು ಕಲಿಯುವುದು ಕಷ್ಟ ಅನ್ನುವುದನ್ನು ಮಾತ್ರ ಯಾವ ಶಿಕ್ಷಕರೂ ಒಪ್ಪುತ್ತಾರೆ.

ಇದು ಹೊಸ ತಿಳಿವಳಿಕೆಯೂ ಅಲ್ಲ, ಹೊರಗಿನಿಂದ ಬಂದದ್ದೂ ಅಲ್ಲ. ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಆಗಿತ್ತು. 9ನೇ ಶತಮಾನದಲ್ಲಿ ಆ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಕನ್ನಡಗಳು ಅಂತ ಬಹುವಚನದಲ್ಲೇ ಮಾತಾಡುತ್ತದೆ. ದೇಸಿಗಳು ಬೇರೆ ಬೇರೆ ಇರುವುದರಿಂದ ಅವನ್ನೆಲ್ಲ ತಿಳಿಯಲು ಹೋದರೆ ಸರ್ಪರಾಜ ವಾಸುಕಿಗೂ ಬೇಸರ ಬಂದೀತು ಅನ್ನುತ್ತದೆ. ಇದೇ ನೆಲದಲ್ಲಿ ನಿಂತು ಹೇಳಿದ ಮಾತು ಅದು. ಊರಿನ ಹೆಸರಿನ ವಿಷಯದಲ್ಲಿ ಜನರ ನಾಲಿಗೆಯ ಮೇಲಿದ್ದುದನ್ನು ನಾವು ಒಪ್ಪಿಕೊಂಡೆವು. 2014ರ ನವೆಂಬರ್ 1ರಿಂದ ಗುಲ್ಬರ್ಗಾ ಹೋಗಿ ಕಲಬುರಗಿ ಬಂತು. ಊರಿಗೆ ಒಪ್ಪಿದ್ದನ್ನು ಬಗರಿಗೆ ಯಾಕೆ ಒಪ್ಪಬಾರದು?

ಫೋನಿನ ಆಟದಿಂದ, ಕ್ರಿಕೆಟ್‌ನಿಂದ ಇಂಗ್ಲಿಷ್ ಪದ ಬರುತ್ತಿವೆ ಅಂತ ಕೆಲವರು ಕೊರಗುತ್ತಾರೆ. ಅದರ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಒಕಟಿ ವಕಟ ಆದ ನೆಲ ಇದು. ಟೈಂ ಪ್ಲೀಸ್ ಅನ್ನುವುದು ಆಗಲೇ ನಮ್ಮ ಮಕ್ಕಳ ಬಾಯಲ್ಲಿ ಟಂಪ್ಲೀಸ್ ಆಗಿದೆ. ಓಡುತ್ತಾ ಓಡುತ್ತಾ ಮುಷ್ಟಿ ಎತ್ತಿ ಹಾಗೆ ಕೂಗಿದರೆ ಯಾರೂ ಮುಟ್ಟುವಂತಿಲ್ಲ. ಹೊರಗಿನ ಪದವನ್ನು ಮಕ್ಕಳು ಹೀಗೆ ಅಗಿದು ತಮ್ಮದು ಮಾಡಿಕೊಳ್ಳುತ್ತಾರೆ. ಆದರೆ ಅದಕ್ಕೆ ಎದುರುಬದುರು ನಿಂತು ಆಡಬೇಕು. ಫೋನಿನ ಆಟದಲ್ಲಿ ನಿಯಮ ಮೊದಲೇ ಒಳಗೆ ಕೂತಿರುತ್ತದೆ. ಅಲ್ಲಿ ಜಗಳವಾಡಿ ಗೆಲ್ಲುವ ಹಾಗಿಲ್ಲ, ಹಾಗಾಗಿ ಹೊಸ ಮಾತು ಹುಟ್ಟುವ ಜಾಗವೂ ಇಲ್ಲ.

ಹಾಗಾದರೆ ಏನು ಮಾಡಬಹುದು? ವಿದ್ವಾಂಸರ ಕೆಲಸ ಸ್ವಲ್ಪ ಆಗಿದೆ. 1960ರ ದಶಕದಲ್ಲೇ ಪುಣೆಯ ಡೆಕ್ಕನ್ ಕಾಲೇಜು ಕನ್ನಡದ ಒಳನುಡಿಗಳ ಅಧ್ಯಯನಗಳನ್ನು ಪ್ರಕಟಿಸಿತ್ತು, ಅದರಲ್ಲಿ ಗುಲ್ಬರ್ಗಾ ಕನ್ನಡವೂ ಇತ್ತು. ಈಗ ನಮ್ಮಲ್ಲೇ ಗುಲ್ಬರ್ಗಾ ವಿಶ್ವವಿದ್ಯಾಲಯ ಇದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಅವರು ಮಾಡಲಿ, ಮಾಡಬೇಕು. ಆದರೆ ಆಟದ ಮಾತು ಅಪರಿಚಿತರು ಫೋನು ಹಿಡಿದು ಬಂದು "ಹೇಳಿ" ಅಂದರೆ ಹೊರಗೆ ಬರುವುದಿಲ್ಲ. ಆ ಮುತ್ಯಾನ ಬಾಯಿಗೆ ಪದ ಬರಲಿಲ್ಲ ಅಲ್ವಾ? ಅವರ ಕೈಗೆ ದಾಂಡು ಕೊಟ್ಟು ನಾಲ್ಕು ಸಲ ಹೊಡೆಸಿದ್ದರೆ ಬಹುಶಃ ಬರುತ್ತಿತ್ತು. ಕೈ ಆಡಿದಾಗ ಬಾಯಿಗೆ ಬರುವ ಮಾತು ಇವು.

ಅದಕ್ಕೇ ಇದು ಶಾಲೆಯ ಕೆಲಸ, ಅದೂ ಚಳಿಗಾಲದ ಕೆಲಸ. ನಾಲ್ಕು, ಐದನೇ ತರಗತಿಯ ಮಕ್ಕಳು ಸಾಕು. ಒಂದು ಶನಿವಾರ ಊರಿನ ಮುತ್ಯಾ, ಆಯಿಯರನ್ನು ಶಾಲೆಗೆ ಕರೆಯಿರಿ. ಭಾಷಣ ಬೇಡ, ಆಡಿಸಿ. ಕೇಳಿದ್ದನ್ನು ಮಕ್ಕಳೇ ಬರೆಯಲಿ. ಬಗರಿ ಅಂದರೆ ಬುಗುರಿ ಅಂತ ಒಂದು ಸಾಲು ಬರೆದರೆ ಪ್ರಯೋಜನ ಕಡಿಮೆ. ಗುನ್ನ ಅಂದರೆ ಸೋತವನ ಬಗರಿಯ ಮೇಲೆ ಗೆದ್ದವನು ತನ್ನ ಬಗರಿಯ ಮೊಳೆಯಿಂದ ಹೊಡೆಯುವ ಗುರುತು, ಎಷ್ಟು ಗುನ್ನ ಹೊಡೆಯಬಹುದು, ಬಗರಿ ಸೀಳಿದರೆ ಯಾರ ತಪ್ಪು, ಹೀಗೆ ನಿಯಮದ ಸಮೇತ ಬರೆಯಬೇಕು. ಯಾವ ಊರು, ಹೇಳಿದವರ ವಯಸ್ಸು ಎಷ್ಟು, ಮನೆಮಾತು ಯಾವುದು ಅನ್ನುವುದೂ ಇರಲಿ. ಶಿಕ್ಷಕರ ಫೋನಿನಲ್ಲಿ ಧ್ವನಿ ಹಿಡಿದಿಡಬೇಕು. ನಮ್ಮ ಕಡೆಯವರು ಪದದ ಕೊನೆಯನ್ನು ನುಂಗಿ ಆಡುವ ರೀತಿ, ಕೂಗುವಾಗಿನ ಎಳೆತ ಅಕ್ಷರದಲ್ಲಿ ಸಿಗುವುದಿಲ್ಲ. ತಾಂಡಾದ ಮಗು ಲಂಬಾಣಿಯಲ್ಲಿ ಹೇಳಿದರೆ ಹಾಗೇ ಬರೆಯಲಿ. ಉರ್ದು ಶಾಲೆ ಪಕ್ಕದಲ್ಲಿದ್ದರೆ ಅವರನ್ನೂ ಸೇರಿಸಿಕೊಳ್ಳಲಿ. ಪತಂಗದ ಮಾತು ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿಲ್ಲ.

ಬರೆದದ್ದನ್ನು ಗೋಡೆಗೆ ಅಂಟಿಸಿ ಬಿಟ್ಟರೆ ಕೆಲಸ ಅರ್ಧ. ಪಕ್ಕದ ಊರಿನ ಶಾಲೆಗೆ ಕಳಿಸಬೇಕು, ಸಾಧ್ಯವಾದರೆ ಗಡಿಯಾಚೆಯ ಊರಿಗೂ. ಬಸವಕಲ್ಯಾಣದ ಮಕ್ಕಳು ಬರೆದದ್ದನ್ನು ಗುರುಮಠಕಲ್‌ನ ಮಕ್ಕಳು ಓದಿದರೆ "ಏ, ನಮ್ಮಲ್ಲಿ ಹಿಂಗಲ್ಲ" ಅಂತ ತಕರಾರು ತೆಗೆಯುತ್ತಾರೆ. ಆ ತಕರಾರಿನ ಜೊತೆಗೇ ಗುರುಮಠಕಲ್‌ನ ಪದ ಹೊರಗೆ ಬರುತ್ತದೆ. ಅದನ್ನೂ ಅದೇ ಪುಟದಲ್ಲಿ ಕೆಳಗೆ ಬರೆದು ವಾಪಸ್ ಕಳಿಸಲಿ.